ಬಾಣದ ಗುಡ್ಡಕ್ಕೆ ಬಾಣ ಹೊಡೆದವರು ಯಾರು

ಕೆಂಚರಹಾಳದಿಂದ ಹೊಳೆಯ ಕಡೆಗೆ ಹೊರಟರೆ ಒಂದೂವರೆ ಮೈಲಿಯಲ್ಲಿ ಬಲಕ್ಕೆ ಸಿಗುವ ಬೋಳು ಗುಡ್ಡವೇ ಬಾಣದ ಗುಡ್ಡ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಬುಡದಲ್ಲಿ ಆಳೆತ್ತರದ ಒಂದು ಬಂಡೆ, ಅದರ ಮೈಮೇಲೆ ಮೊಳದುದ್ದದ ಬಾಣ, ಮೊನೆ ನೆಲದ ಕಡೆಗೆ. ಬಂದವರು ಕೈಮುಗಿಯುತ್ತಾರೆ, ಕುಂಕುಮ ಹಚ್ಚುತ್ತಾರೆ. ವನವಾಸದಲ್ಲಿ ನೀರಡಿಸಿದ ಅಣ್ಣತಮ್ಮಂದಿರಿಗಾಗಿ ಅರ್ಜುನ ಇಲ್ಲಿ ಬಾಣ ಹೊಡೆದು ನೀರು ತೆಗೆದ ಎನ್ನುತ್ತಾರೆ. ಆ ನೀರು ಎಲ್ಲಿ ಎಂದು ಕೇಳಿದರೆ ಬತ್ತಿತು ಎನ್ನುತ್ತಾರೆ. ನಾನು ಈ ಗುಡ್ಡದ ಮಗ್ಗುಲಲ್ಲಿ ನಲವತ್ತೆಂಟು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರಿದವನು. ಆ ಬಾಣ ಮೂಡಿದ ದಿನ ಅಲ್ಲೇ ನಿಂತಿದ್ದೆ. ಅರ್ಜುನ ಇರಲಿಲ್ಲ.

ಹಿಂದೆ ಒಮ್ಮೆ, ರಾಜರ ಕಾಲದಲ್ಲಲ್ಲ, ನಮ್ಮೂರಿಗೆ ದಿನಕ್ಕೊಂದೇ ಬಸ್ಸು ಬರುತ್ತಿದ್ದ ಕಾಲದಲ್ಲಿ, ಇದಕ್ಕೆ ಬೋಳಗುಡ್ಡ ಎಂದೇ ಹೆಸರು. ಆ ವರ್ಷ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಕೊನೆಯ ವರ್ಷದ ಭೂಗರ್ಭಶಾಸ್ತ್ರದ ಹುಡುಗರು ಹತ್ತು ದಿನದ ಕ್ಯಾಂಪಿಗೆ ಬಂದು ಕನ್ನಡ ಶಾಲೆಯಲ್ಲಿ ಇಳಿದುಕೊಂಡರು. ಹನ್ನೊಂದು ಜನರಲ್ಲಿ ಒಬ್ಬಳೇ ಹುಡುಗಿ, ಹುಲಿಗೆವ್ವ. ಅವಳಪ್ಪ ದುರಗಪ್ಪ ನಮ್ಮ ಖಣಿಯಲ್ಲೇ ಕಲ್ಲು ಒಡೆಯುತ್ತಿದ್ದ. ವಡ್ಡರ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಒಬ್ಬೊಬ್ಬರೂ ಬೋಳಗುಡ್ಡವನ್ನು ಅಳೆದು ತಮ್ಮ ತಮ್ಮ ನಕ್ಷೆ ಬರೆಯಬೇಕು, ಅದಕ್ಕೆ ಅಂಕ. ಆ ಅಂಕವಿಲ್ಲದೆ ಡಿಗ್ರಿ ಇಲ್ಲ. ಕರೆತಂದವರು ಹೊಂಬಳ ಸರ್. ಇಪ್ಪತ್ತು ವರ್ಷದ ಹಿಂದೆ ಈ ಸೀಮೆಯ ನಕ್ಷೆಯನ್ನು ತಾವೇ ಬರೆದು ಅಚ್ಚು ಹಾಕಿಸಿದವರು.

ಇಲ್ಲಿ ಕಲ್ಲಿನವರ ಒಂದು ರೂಢಿ ಹೇಳಬೇಕು. ಫರಸಿ ಎಬ್ಬಿಸುವ ಮೊದಲು ಅದರ ಮೇಲೆ ನೀರು ಚಿಮುಕಿಸಿ ಅಂಗೈ ಆಡಿಸಿ ನೋಡುತ್ತಾರೆ. ಯಾವ ಕಾಲದಲ್ಲೋ ಇದೆಲ್ಲ ನೀರಿನ ತಳದ ಮರಳು. ಹೊಳೆದಂಡೆಯ ಮರಳಿನ ಮೇಲೆ ಇವತ್ತೂ ಕಾಣುವಂಥ ಅಲೆಯ ಗುರುತು ಕಲ್ಲಿನಲ್ಲಿ ಉಳಿದಿದೆ. ಬೇರೆ ಖಣಿಗಳಲ್ಲಿ ಅಲೆಯ ಏಣು ಅಂಗೈಗೆ ಚುಚ್ಚುತ್ತದೆ, ನಡುವಿನ ತಗ್ಗು ಬಟ್ಟಲಿನಂತೆ ದುಂಡಗಿರುತ್ತದೆ. ಬೋಳಗುಡ್ಡದಲ್ಲಿ ಎಲ್ಲ ಉಲ್ಟಾ. ಮೇಲೆ ಉಬ್ಬು ದುಂಡಗೆ, ತಗ್ಗು ಸೀಳಿದಂತೆ. ಫರಸಿ ಎಬ್ಬಿಸಿ ಮಗುಚಿದರೆ ಚುಚ್ಚುವ ಏಣು ಅದರ ಅಡಿಮೈಯಲ್ಲಿ ಸಿಗುತ್ತದೆ. ‘ಈ ಗುಡ್ಡ ಬೋರಲು ಮಲಗೇತಿ’ ಎಂದು ದುರಗಪ್ಪನ ಕಡೆಯವರು ಮೂರು ತಲೆಮಾರಿನಿಂದ ಹೇಳುತ್ತಿದ್ದರು. ಯಾಕೆ ಎಂದು ನಾನು ಎಂದೂ ಕೇಳಲಿಲ್ಲ. ಮಗುಚಿದ ಕಲ್ಲೂ ಮಾರಾಟವಾಗುತ್ತಿತ್ತು.

ಆ ಹುಡುಗಿ ಕೇಳಿದಳು. ಪದರದ ಮೇಲೆ ಪದರ ಯಾವ ಕಡೆಗೆ ಬೆಳೆದಿದೆಯೋ ಆ ಕಡೆಗೆ ನೋಟುಬುಕ್ಕಿನಲ್ಲಿ ಬಾಣ ಹಾಕುವುದು ಅವರ ಪದ್ಧತಿ. ಹತ್ತು ಹುಡುಗರು ಸರ್ ಅವರ ನಕ್ಷೆ ನೋಡಿಕೊಂಡು ಬಾಣವನ್ನು ಮೇಲಕ್ಕೆ ಹಾಕಿದರು. ಹುಲಿಗೆವ್ವ ಕಲ್ಲಿನ ಮೇಲೆ ಕೈಯಾಡಿಸಿ ಕೆಳಕ್ಕೆ ಹಾಕಿದಳು. ಯಾವುದೋ ಕಾಲದಲ್ಲಿ ಭೂಮಿ ಮಡಚಿ ಈ ಗುಡ್ಡ ತಲೆಕೆಳಗಾಗಿದೆ ಎಂದು ಕೆಳಗೆ ಬರೆದಳು. ಪುಸ್ತಕಗಳನ್ನು ನೋಡುತ್ತಿದ್ದ ಹೊಂಬಳ ಸರ್ ಆ ಪುಟಕ್ಕೆ ಬಂದು, ಗುಡ್ಡ ಶೀರ್ಷಾಸನ ಹಾಕೇತೇನು ಎಂದು ಕೇಳಿ ಹುಡುಗರನ್ನೆಲ್ಲ ನಗಿಸಿದರು. ಆಮೇಲೆ ಅದನ್ನು ಅಳಿಸು ಎಂದರು.

“ಕ್ಯಾಂಪಿನ ಪುಸ್ತಕಕ್ಕ ರಬ್ಬರ್ ಮುಟ್ಟಸಬಾರದು ಅಂತ ಮೊದಲನೇ ವರ್ಷ ನೀವ ಹೇಳಿಕೊಟ್ಟೀರಲ್ರಿ ಸರ್,” ಎಂದಳು.

ಹಾಗಾದರೆ ತಪ್ಪಿನ ಮೇಲೆ ಒಂದು ಗೀಟು ಎಳೆದು ಮಗ್ಗುಲಲ್ಲಿ ಸರಿಯಾದದ್ದನ್ನು ಬರೆ ಎಂದರು. ತಪ್ಪಿದ್ದರೆ ಎಳೆಯುತ್ತೇನೆ, ಬಂದು ಕಲ್ಲು ಮುಟ್ಟಿ ನೋಡಿ ಎಂದು ಕರೆದಳು. ನಿನ್ನಿಂದ ಕಲ್ಲು ಮುಟ್ಟುವುದನ್ನು ಕಲಿಯಬೇಕಾಗಿಲ್ಲ ಎಂದು ಅವರು ಏಳಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಗೀಟು ಬೀಳದಿದ್ದರೆ ಸೊನ್ನೆ ಎಂದರು.

ಮರುದಿನ ಬೆಳಿಗ್ಗೆ, ಗುಡ್ಡದ ಬುಡದಲ್ಲಿ ಅಪ್ಪನ ಜೊತೆ ನಿಂತಿದ್ದ ಅವಳಿಗೆ ಬುದ್ಧಿ ಹೇಳಲು ಹೋದವನು ನಾನೇ. ಒಂದು ಗೀಟಿನ ಮಾತು, ಎಳೆದು ಡಿಗ್ರಿ ತಗೋ, ಜಗಳ ಆಮೇಲೆ ಮಾಡು, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ವ್ಯಾಪಾರದವನ ಮಾತು; ಇವತ್ತೂ ತಪ್ಪು ಎನ್ನಲಾರೆ. ಅವಳು ಕೇಳಿದಳು: “ಸಾವಕಾರ್ರ, ಕಲ್ಲಿನ ಮುಖ ಯಾವುದು, ಬೆನ್ನು ಯಾವುದು ಅಂತ ನೀವು ಗಿರಾಕಿಗೆ ಸುಳ್ಳು ಹೇಳೀರೇನು?” ಹೇಳಿದ್ದೇನೆ ಎಂದೆ. “ಅದಕ್ಕ ನಿಮ್ಮನ್ನ ಯಾರೂ ಕಲ್ಲಿನ ಬಗ್ಗೆ ಕೇಳಂಗಿಲ್ಲ, ದರ ಅಷ್ಟ ಕೇಳ್ತಾರ,” ಎಂದಳು. ಅಪ್ಪನ ಮುಂದೆಯೇ ಅಂದಳು. ಅವನು ನನ್ನ ಖಣಿಯ ಕೂಲಿ. ಮಗಳನ್ನು ಗದರುತ್ತಾನೆಂದು ನೋಡಿದೆ. ದುರಗಪ್ಪ ಚೀಲದಿಂದ ಉಳಿ ಸುತ್ತಿಗೆ ತೆಗೆದು ಅವಳ ಕೈಗೆ ಕೊಟ್ಟ. “ಹಿಡದ ಮ್ಯಾಲ ಅರ್ಧಕ್ಕ ಬಿಡಬ್ಯಾಡ,” ಎಂದ. ಅಷ್ಟೇ.

ಬಿಸಿಲೇರುವತನಕ ಅವಳು ಬುಡದ ಬಂಡೆಯ ಮೇಲೆ ಅದೇ ಬಾಣವನ್ನು ಕೊರೆದಳು. ಹುಡುಗರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಬಂದು ನೀರು ಕೊಟ್ಟರು. ಹೊಂಬಳ ಸರ್ ಬರುವಾಗ ಮೊನೆಯೂ ಮುಗಿದಿತ್ತು, ಬೆರಳು ಹೂಳುವಷ್ಟು ಆಳ. ಅವಳು ನೋಟುಬುಕ್ಕನ್ನು ಗೀಟಿಲ್ಲದೆ ಅವರ ಮುಂದೆ ಹಿಡಿದು, “ಇದನ್ನ ನೀವು ಹರೀಬಹುದ್ರಿ ಸರ್. ಅದನ್ನ ಹರಿಯಾಕ ಬರಂಗಿಲ್ಲ,” ಎಂದು ಬಂಡೆ ತೋರಿಸಿದಳು. ಅವರು ಪುಸ್ತಕ ಹರಿಯಲಿಲ್ಲ. ಸೊನ್ನೆ ಹಾಕಿ ಸಹಿ ಮಾಡಿ ಹೋದರು.

ಆ ವರ್ಷ ಹುಲಿಗೆವ್ವ ನಮ್ಮ ಖಣಿಯಲ್ಲಿ ಅಪ್ಪನ ಜೊತೆ ಕಲ್ಲು ಒಡೆದಳು. ಮುಂದಿನ ವರ್ಷ ಹೊಸ ಹುಡುಗರ ಜೊತೆ ಮತ್ತೆ ಕ್ಯಾಂಪಿಗೆ ಕುಳಿತಳು. ಅದೇ ಗುಡ್ಡ, ಅದೇ ಸರ್, ಅದೇ ಬಾಣ. ಹೀಗೆ ಏಳು ಸಲ ಬಂದಳು ಎನ್ನುತ್ತಾರೆ. ಜನ ಎಲ್ಲಕ್ಕೂ ಏಳು ಎನ್ನುತ್ತಾರೆ, ನಾನು ನೋಡಿದ್ದು ಎರಡು. ಎರಡನೆಯ ಸಲ ಪುಸ್ತಕ ನೋಡಿ ಹೊಂಬಳ ಸರ್ ಎದ್ದರು. ಒಬ್ಬರೇ ಗುಡ್ಡ ಹತ್ತಿ, ಒಡೆದ ಪದರದ ಹತ್ತಿರ ಮಂಡಿಯೂರಿ, ತಮ್ಮ ಬಾಟಲಿಯ ನೀರನ್ನು ಚೆಲ್ಲಿ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಇಳಿದು ಬಂದು ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ ಹಾಕಿದರು, ಒಂದೂ ಹೆಚ್ಚಿಲ್ಲ. ಅಕ್ಷರ ಸುಮಾರದಾವ ಎಂದರು. ಬಾಣ ಸರಿ ಇದೆಯೋ ಎಂದು ಅವಳು ಬಿಡದೆ ಕೇಳಿದಳು.

“ಅದಕ್ಕ ನಾ ಗೀಟು ಹೊಡದಿಲ್ಲಲ್ಲ,” ಎಂದರು.

ಇವತ್ತಿಗೂ ವರ್ಷಕ್ಕೊಮ್ಮೆ ಕಾಲೇಜಿನ ಹುಡುಗರು ಬರುತ್ತಾರೆ. ಗುಡ್ಡದ ಪದರಕ್ಕೆ ನೀರು ಚಿಮುಕಿಸಿ ಸಾಲಾಗಿ ಅಂಗೈ ಇಡುತ್ತಾರೆ. ಆ ಜಾಗ ಸವೆದು ನುಣುಪಾಗಿದೆ. ಊರಿನ ಹಿರಿಯರಿಗೆ ಮಾತ್ರ ದೇವರ ಬಾಣ ಕೆಳಗೆ ನೋಡುವುದು ಶುಭವಲ್ಲ ಅನ್ನಿಸಿ, ಪ್ರತಿ ಯುಗಾದಿಗೆ ಅದರ ಮೇಲ್ತುದಿಗೆ ಕೆಂಪು ಬಣ್ಣದಲ್ಲಿ ಮತ್ತೊಂದು ಮೊನೆ ಬರೆಸುತ್ತಾರೆ. ಮೊದಲ ಮಳೆಗೆ ಬಣ್ಣ ತೊಳೆದುಹೋಗುತ್ತದೆ. ಶ್ರಾವಣದಲ್ಲಿ ಬಂದವರು ನೋಡುವುದು ಹುಲಿಗೆವ್ವ ಕೊರೆದದ್ದನ್ನೇ, ಮೊನೆ ನೆಲದ ಕಡೆಗೆ.