ನೀರು ಕಾಣದ ಗಳಿಗೆ ಬಟ್ಟಲು

ಹ್ಞೂಂಗುಟ್ಟುವವರು ಒಬ್ಬರಾದರೂ ಇದ್ದರೆ ಕಥೆ ಹೇಳುತ್ತೇನೆ. ನಿದ್ದೆ ಮಾಡುವವರು ಈಗಲೇ ಗೋಡೆ ಕಡೆಗೆ ಜರುಗಿ.

ಥಳಥಳಪುರ ಅಂತ ಒಂದು ರಾಜ್ಯ. ಅದನ್ನು ಆಳುತ್ತಿದ್ದವನು ಬಿಂಕರಾಯ. ಅವನ ಅರಮನೆಯಲ್ಲಿ ಬೈರ ಅಂತ ಒಬ್ಬ ಆಳು. ರಾಜ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗಿ ಕೊಡೆ ಹಿಡಿಯುವುದು ಅವನ ಕೆಲಸ. ಬೈರನ ಹೆಂಡತಿ ಮಾಚವ್ವ. ಮಾತು ಕಡಿಮೆ, ಬುದ್ಧಿ ಜಾಸ್ತಿ. ಗಂಡನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಅವನು ಮನೆಗೆ ಬರುವವರೆಗೆ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ.

ಆ ಕಾಲದಲ್ಲಿ ಗಡಿಯಾರ ಎಲ್ಲಿತ್ತು? ಗಳಿಗೆ ಬಟ್ಟಲು ಇತ್ತು. ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ಕೊಪ್ಪರಿಗೆಯ ನೀರಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಜಿನುಗಿ ಜಿನುಗಿ ತುಂಬಿ, ಬಟ್ಟಲು ಗುಳುಂ ಅಂತ ಮುಳುಗುತ್ತಿತ್ತು. ಒಂದು ಸಲ ಮುಳುಗಿದರೆ ಒಂದು ಗಳಿಗೆ. ಅರಮನೆಯ ಬಾಗಿಲಲ್ಲಿ ಜಾಗಟೆ ತಾತ ಅಂತ ಒಬ್ಬ ಮುದುಕ ಕೂತಿರುತ್ತಿದ್ದ. ಬಟ್ಟಲು ಮುಳುಗಿದಾಗಲೆಲ್ಲ ಢಣ್ ಅಂತ ಬಾರಿಸುತ್ತಿದ್ದ. ಆ ಸದ್ದಿಗೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು.

ಹೀಗಿರುವಾಗ ದೂರದೇಶದಿಂದ ಕೇತಯ್ಯ ಅಂತ ಒಬ್ಬ ವರ್ತಕ ಬಂದ. ರೇಷ್ಮೆ ಹೊದಿಸಿದ ಗಂಧದ ಪೆಟ್ಟಿಗೆಯನ್ನು ರಾಜನ ಮುಂದಿಟ್ಟು ತೆರೆದ. ಒಳಗೆ ಚಿನ್ನದ ಗಳಿಗೆ ಬಟ್ಟಲು. ಅಂಚಿನ ಸುತ್ತ ಕೆಂಪು ಹರಳು.

"ಇಂಥವು ಲೋಕದಲ್ಲಿ ಮೂರೇ ಮೂರು, ಮಹಾಪ್ರಭು. ನಾಲ್ಕನೆಯದು ಬೇಕು ಅಂದರೆ ಬ್ರಹ್ಮನಿಗೂ ಸಿಗುವುದಿಲ್ಲ. ಇಗೋ, ಅಚ್ಚು ಇಲ್ಲೇ ಇದೆ" ಅಂದವನೇ ಮಣ್ಣಿನ ಅಚ್ಚನ್ನು ನೆಲಕ್ಕೆ ಅಪ್ಪಳಿಸಿ ಪುಡಿ ಮಾಡಿದ. ಇಡೀ ಸಭೆ "ಆಹಾ!" ಅಂದಿತು. ಬಟ್ಟಲು ನೋಡಿದಾಗ ಬಾರದ ಆಹಾ, ಅಚ್ಚು ಒಡೆದಾಗ ಬಂತು ನೋಡಿ.

ರಾಜ ಬಗ್ಗಿ ಬಗ್ಗಿ ನೋಡಿದ. "ಇದಕ್ಕೆ ತೂತೇ ಇಲ್ಲವಲ್ಲ?"

"ತೂತು ಬಡವರ ಬಟ್ಟಲಿಗೆ ಇರುತ್ತದೆ, ಪ್ರಭು."

"ಮತ್ತೆ ಹೊತ್ತು ಹೇಳುವುದು ಹೇಗೆ?"

"ಹೊತ್ತು ಹೇಳುವುದು ಇದರ ಕೆಲಸ ಅಲ್ಲ. ಬೆಲೆ ಏರುವುದು ಇದರ ಕೆಲಸ. ಇವತ್ತು ಒಂದು ಆನೆಯ ಬೆಲೆ. ಮುಂದೆ ನಿಮ್ಮ ಮೊಮ್ಮಗನ ಕಾಲಕ್ಕೆ ನೂರು ಆನೆ."

"ಹಾಗಾದರೆ ನನ್ನ ಮೊಮ್ಮಗ ಮಾರಬಹುದು?"

"ಛೆ ಛೆ! ಅವನು ಯಾಕೆ ಮಾರುತ್ತಾನೆ? ಅವನ ಮೊಮ್ಮಗನಿಗೆ ಇನ್ನೂ ಜಾಸ್ತಿ ಆಗುತ್ತದಲ್ಲ!"

"ಕೊನೆಗೆ ಮಾರುವವನು ಯಾರು?"

"ಎಲ್ಲರಿಗಿಂತ ಕೊನೆಯಲ್ಲಿ ಹುಟ್ಟುವವನು."

"ಎಂಥ ಪುಣ್ಯವಂತ!" ಅಂತ ರಾಜ ಕಣ್ಣೊರೆಸಿಕೊಂಡ.

ಕೇತಯ್ಯ ಮೂರು ಕಟ್ಟಳೆ ಹೇಳಿದ. ಬಟ್ಟಲಿಗೆ ಕೈ ಸೋಕಬಾರದು. ಬಿಸಿಲು ಸೋಕಬಾರದು. ನೀರಂತೂ ಸೋಕಲೇಬಾರದು. ಸೋಕಿದರೆ ಬೆಲೆ ಬಿತ್ತು ಅಂತಲೇ ಲೆಕ್ಕ.

ರಾಜ ಪಟ್ಟದಾನೆ ಕೊಟ್ಟು ಮೊದಲನೆಯ ಬಟ್ಟಲು ಕೊಂಡ. ಮಂತ್ರಿಗೆ ಹೊಟ್ಟೆ ಉರಿಯಿತು, ಮಾವಿನ ತೋಪು ಕೊಟ್ಟು ಎರಡನೆಯದು ಕೊಂಡ. ಸೇನಾಪತಿಗೆ ಇನ್ನೂ ಉರಿಯಿತು, ಸೈನ್ಯದ ಕುದುರೆಗಳನ್ನೆಲ್ಲ ಕೊಟ್ಟು ಮೂರನೆಯದು ಕೊಂಡ. ಅಂದಿನಿಂದ ಥಳಥಳಪುರದ ರಾವುತರು ಕೈಯಲ್ಲಿ ಲಗಾಮು ಹಿಡಿದು ತಮ್ಮ ಕಾಲಲ್ಲೇ ಓಡತೊಡಗಿದರು. ಮುಂದಿದ್ದವನು ಕೆನೆಯುತ್ತಿದ್ದ.

ಅಷ್ಟಕ್ಕೇ ನಿಲ್ಲಲಿಲ್ಲ. "ಈ ದರಿದ್ರ ತಾಮ್ರದ ಬಟ್ಟಲುಗಳು ಊರಲ್ಲಿ ಇರುವ ತನಕ ನಿಮ್ಮದರ ಬೆಲೆ ಏರುವುದಿಲ್ಲ" ಅಂದ ಕೇತಯ್ಯ. ರಾಜ ಅಪ್ಪಣೆ ಮಾಡಿದ. ಆಳುಗಳು ಮನೆಮನೆ ಹೊಕ್ಕು ಗಳಿಗೆ ಬಟ್ಟಲುಗಳನ್ನೆಲ್ಲ ತಂದು ಕರಗಿಸಿದರು. ಜಾಗಟೆ ತಾತನ ಬಟ್ಟಲೂ ಹೋಯಿತು. ಪಾಪ, ಅವನು ಕೋಲು ಹಿಡಿದುಕೊಂಡು ಸುಮ್ಮನೆ ಕೂತ.

ಕೇತಯ್ಯ ಅರಮನೆಯಲ್ಲೇ ಠಿಕಾಣಿ ಹೂಡಿದ. ತುಪ್ಪದಲ್ಲಿ ಕೈ ತೊಳೆಯುವುದು, ಬೆಳಗಾದರೆ ಸಭೆಗೆ ಬಂದು ಆ ದಿನದ ಬೆಲೆ ಕೂಗುವುದು, ಅಷ್ಟೇ ಅವನ ದುಡಿಮೆ. "ನಿನ್ನೆ ಒಂದು ಆನೆ. ಇವತ್ತು ಒಂದು ಆನೆ, ಮೇಲೆ ಇನ್ನೊಂದು ಆನೆಯ ಒಂದು ಕಾಲು!" ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆ ಕಾಲನ್ನು ಯಾರೂ ಕಣ್ಣಿಂದ ನೋಡಲಿಲ್ಲ, ಬಿಡಿ.

ಅಂಥ ಒಂದು ಬೆಳಗ್ಗೆ ರಾಜ ಖುಷಿಯಲ್ಲಿ ಪೆಟ್ಟಿಗೆ ತೆರೆದ. ಗಂಧದ ಪುಡಿ ಎದ್ದು ಹಿಂದೆ ಕೊಡೆ ಹಿಡಿದಿದ್ದ ಬೈರನ ಮೂಗಿಗೆ ಹೋಯಿತು. ಆಕ್ಷೀ! ಒಂದು ಹನಿ ಹಾರಿ ಬಟ್ಟಲ ಮೇಲೆ ಬಿತ್ತು.

"ನೀರು ಸೋಕಿತು!" ಅಂತ ರಾಜ ಚೀರಿದ.

"ಆನೆಯ ಕಾಲು ಬಿದ್ದುಹೋಯಿತು" ಅಂದ ಕೇತಯ್ಯ, ತಲೆ ಅಲ್ಲಾಡಿಸುತ್ತ.

"ನನ್ನ ಆನೆಯ ಕಾಲು ಕಳೆದೆಯೇನೋ ಬೈರಾ! ಹೋಗು, ಅಂಗಳದಲ್ಲಿ ಒಂಟಿಕಾಲಲ್ಲಿ ನಿಲ್ಲು. ಮೂರು ಗಳಿಗೆ!"

ಮೂರು ಗಳಿಗೆ ಏನು ಮಹಾ ಅಂತ ಬೈರ ಕೊಡೆ ಹಿಡಿದುಕೊಂಡೇ ಒಂದು ಕಾಲೆತ್ತಿ ನಿಂತ. ನಿಂತ, ನಿಂತ, ನಿಂತೇ ನಿಂತ. "ಆಯ್ತಾ ತಾತಾ?" ಅಂತ ಕೇಳಿದ. "ಬಟ್ಟಲಿದ್ರೆ ತಾನೇ ಹೇಳೋದು, ಮಗಾ?" ಅಂದ ಜಾಗಟೆ ತಾತ. ಹೊತ್ತು ಮುಳುಗಿತು, ಹೊತ್ತು ಹುಟ್ಟಿತು. ಕಾವಲಿನವರು ಬೈರನ ಕಾಲಿಳಿಸಲು ಬಿಡಲಿಲ್ಲ. ಮೂರು ಗಳಿಗೆ ಆಯಿತು ಅಂತ ಯಾರೂ ಹೇಳಿಲ್ಲವಲ್ಲ! ಕೊಡೆಯ ಮೇಲೆ ಕಾಗೆಯೊಂದು ಕಡ್ಡಿ ತಂದು ಗೂಡು ಕಟ್ಟತೊಡಗಿತು.

ಮಾಚವ್ವ ಮುದ್ದೆ ತಂದು ಗಂಡನ ಬಾಯಿಗಿಟ್ಟಳು.

"ಮಾಚೀ, ಕೆಳಗೆ ಒಂದ್ಸಲ ನೋಡೇ. ಈ ಕಾಲು ನಂದೇನಾ? ನಂಗೇ ಗೊತ್ತಾಗ್ತಿಲ್ಲ" ಅಂದ ಬೈರ.

ಇವನು ಹೀಗೇ ನಿಂತು ನಿಂತು ಸತ್ತೇಹೋಗುತ್ತಾನೆ ಅಂತ ಮಾಚವ್ವನಿಗೆ ಭಯವಾಯಿತು. ಸೆರಗು ಬಿಗಿದು ಸೇನಾಪತಿಯ ಮನೆಗೆ ಓಡಿದಳು.

"ಸ್ವಾಮಿ, ನಿಮ್ಮ ಬಟ್ಟಲಿಗೆ ಒಂದು ತೂತು ಮಾಡಿ, ಮೂರು ಸಲ ನೀರಿಗೆ ಬಿಡಿ. ನನ್ನ ಗಂಡ ಉಳೀತಾನೆ."

"ಕುದುರೆಗಳನ್ನೇ ಕಳಕೊಂಡಿದ್ದೀನಿ, ಬಟ್ಟಲನ್ನೂ ಕಳಕೊಳ್ಳಲೇನಮ್ಮಾ?" ಅಂದ ಸೇನಾಪತಿ. ಮಂತ್ರಿಯ ಮನೆಗೆ ಓಡಿದಳು. "ತೂತು ಅಂತ ನನ್ನ ಬಟ್ಟಲಿಗೆ ಕೇಳಿಸುವ ಹಾಗೆ ಹೇಳಬೇಡ" ಅಂದ ಮಂತ್ರಿ. ರಾಜನ ಕಾಲಿಗೇ ಬಿದ್ದಳು. ರಾಜನಿಗೆ ಕನಿಕರ ಬಂತು, ನಿಜವಾಗಿಯೂ ಬಂತು. "ನನ್ನ ಮೊಮ್ಮಗ ಏನಂದುಕೊಂಡಾನು ತಾಯೀ?" ಅಂದ. ಅವನಿಗಿನ್ನೂ ಮಕ್ಕಳೇ ಇರಲಿಲ್ಲ.

ಮಾಚವ್ವ ಮನೆಗೆ ಬಂದು ಹಿತ್ತಿಲ ಕಟ್ಟೆಯ ಮೇಲೆ ಕುಸಿದಳು. ಎದುರಿಗೇ ತುಳಸಿ. ತುಳಸಿಯ ಮೇಲೆ ಮೂರು ದಾರದಲ್ಲಿ ತೂಗುಬಿಟ್ಟ ಒಂದು ತಾಮ್ರದ ಬಟ್ಟಲು, ತೊಟ್ ತೊಟ್ ಅಂತ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮಾವ ಹಿಂದೆ ಅರಮನೆಯಲ್ಲಿ ಜಾಗಟೆ ಬಾರಿಸುತ್ತಿದ್ದವನು; ಅವನ ಕಾಲದ ಗಳಿಗೆ ಬಟ್ಟಲು ಅದು. ಹುಡುಕಿಕೊಂಡು ಬಂದ ಆಳುಗಳು ತುಳಸಿಗೆ ನೀರುಣಿಸುವ ಪಾತ್ರೆ ಅಂದುಕೊಂಡು ಬಿಟ್ಟುಹೋಗಿದ್ದರು. ಈಗ ಇದನ್ನು ಹೊರಗೆ ತೆಗೆದರೆ ಕರಗಿಸುತ್ತಾರೆ. ಬಚ್ಚಿಟ್ಟ ತಪ್ಪಿಗೆ ಅವಳನ್ನೂ ಗಂಡನ ಪಕ್ಕದಲ್ಲೇ ನಿಲ್ಲಿಸುತ್ತಾರೆ.

ಅವಳು ಯೋಚಿಸಿದಳು. 'ಮೂರೇ ಮೂರು ಅಂತ ಅಷ್ಟು ಕುಣೀತಾರೆ. ಒಂದೇ ಒಂದು ಅಂದ್ರೆ?'

ಮಾರನೆಯ ಬೆಳಗ್ಗೆ ಬಟ್ಟಲನ್ನು ತನ್ನ ಧಾರೆ ಸೀರೆಯಲ್ಲಿ ಸುತ್ತಿ ಸಭೆಗೆ ಬಂದಳು. "ಬುದ್ಧೀ, ಚಿನ್ನದವು ಮೂರಿದ್ದಾವೆ. ತಾಮ್ರದ್ದು ಇಡೀ ರಾಜ್ಯದಲ್ಲಿ ಉಳಿದಿರೋದು ಇದೊಂದೇ. ಮಿಕ್ಕಿದ್ದನ್ನೆಲ್ಲ ನೀವೇ ಕರಗಿಸಿದ್ರಿ" ಅಂದಳು.

ಸಭೆ "ಆಹಾ!" ಅಂದಿತು. ಕರಗಿಸಬೇಕು ಅನ್ನುವುದೇ ರಾಜನಿಗೆ ಮರೆತುಹೋಯಿತು. "ಕೇತಯ್ಯಾ, ಇದರ ಬೆಲೆ ಏನು?"

ಕೇತಯ್ಯನ ಬಾಯಲ್ಲಿ ನೀರೂರಿತು. ಇವತ್ತು ಇದನ್ನು ಕೊಂಡರೆ ನಾಳೆ ಈ ಹುಚ್ಚರಾಜನಿಂದ ಅರ್ಧ ರಾಜ್ಯವನ್ನೇ ಕಿತ್ತುಕೊಳ್ಳಬಹುದು! "ಪಟ್ಟದಾನೆ ಕೊಡುತ್ತೇನೆ, ಇದು ನನಗಿರಲಿ" ಅಂತ ಕೂಗಿದ.

"ನಾನೂ ಆನೆ ಕೊಡು..." ಅಂತ ಬಾಯಿ ತೆರೆದ ರಾಜ, ಇದ್ದ ಒಂದು ಆನೆ ಕೇತಯ್ಯನ ಹತ್ತಿರವೇ ಇದೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡ.

ಮಾಚವ್ವ ಕೈಮುಗಿದಳು. "ಅಯ್ಯಾ, ಇದು ನಿಜವಾದ ಗಳಿಗೆ ಬಟ್ಟಲೋ, ಬರೀ ತೂತು ಬಿದ್ದ ಬಟ್ಟಲೋ, ನನ್ನ ಮಾತು ಯಾರು ನಂಬ್ತಾರೆ? ಆಮೇಲೆ ಮೋಸ ಮಾಡಿದ್ಲು ಅನ್ನಬ್ಯಾಡಿ. ಹೆಂಗೆ ಬೇಕೋ ಹಂಗೆ ಪರೀಕ್ಷೆ ಮಾಡ್ಕೊಳ್ಳಿ."

"ನನ್ನನ್ನು ಯಾರು ಅಂದುಕೊಂಡೆ? ಒಂದು ಸಲ ಮುಳುಗಿದರೆ ಆಕಸ್ಮಿಕ. ಎರಡು ಸಲ ಮುಳುಗಿದರೆ ಅದೃಷ್ಟ. ಮೂರು ಸಲವೂ ಒಂದೇ ಸಮನೆ ಮುಳುಗಿದರೆ ಮಾತ್ರ ನಿಜ. ತರಿಸಿ ಕೊಪ್ಪರಿಗೆ!" ಅಂದ ಕೇತಯ್ಯ.

ಬಟ್ಟಲು ತೇಲಿತು. ನೀರು ಜಿನುಗಿತು. ಗುಳುಂ! ಬಾಗಿಲಲ್ಲಿದ್ದ ಜಾಗಟೆ ತಾತನ ಕೈ ತಾನಾಗಿಯೇ ಎದ್ದಿತು. ಢಣ್! ಕೋಟೆ ಬಾಗಿಲಲ್ಲಿ ಪಾಳಿ ಮುಗಿಯದೆ ನಿಂತಿದ್ದ ಕಾವಲಿನವನು ಈಟಿ ಎಸೆದು ಮನೆಗೆ ಓಡಿದ. ಮತ್ತೆ ಗುಳುಂ, ಮತ್ತೆ ಢಣ್! ಅಡುಗೆಯವರು ಕುದಿಯುತ್ತಲೇ ಇದ್ದ ಹುಳಿಯನ್ನು ಒಲೆಯಿಂದ ಇಳಿಸಿದರು. ಅದು ಹುಳಿಯಾಗಿ ಉಳಿದಿರಲಿಲ್ಲ, ಇಟ್ಟಿಗೆಯಾಗಿತ್ತು. ಮೂರನೆಯ ಸಲ ಗುಳುಂ. ಢಣ್!

"ಬುದ್ಧೀ, ಮೂರು ಗಳಿಗೆ ಆಯ್ತು!" ಅಂತ ಮಾಚವ್ವ ಕೂಗಿದಳು. "ವರ್ತಕರೇ ನಿಂತು ಎಣಿಸಿದ್ದಾರೆ. ನನ್ನ ಗಂಡನ್ನ ಬಿಡಿ!"

ರಾಜ ಹ್ಞೂಂ ಅನ್ನದೆ ವಿಧಿಯಿರಲಿಲ್ಲ. ಅಂಗಳಕ್ಕೆ ಓಡಿ ನೋಡಿದರೆ ಬೈರನ ಎತ್ತಿದ ಕಾಲು ಇಳಿಯಲೇ ಒಲ್ಲದು. ನಾಲ್ಕು ಜನ ಹಿಡಿದು, ಹರಳೆಣ್ಣೆ ತಿಕ್ಕಿ ಇಳಿಸಬೇಕಾಯಿತು. ಮಾಚವ್ವ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ಅತ್ತಳು, ಆಮೇಲೆ ಜೋರಾಗಿ ನಕ್ಕಳು.

"ಆಯಿತು, ಬಟ್ಟಲು ಇತ್ತ ಕೊಡು" ಅಂದ ಕೇತಯ್ಯ.

"ಕೊಡೋದೇನು ಸ್ವಾಮಿ? ಒಂದು ಹನಿ ಬಿದ್ದಿದ್ದಕ್ಕೆ ಆನೆಕಾಲು ಹೋಯ್ತು ಅಂದವರು ನೀವು. ನನ್ನ ಬಟ್ಟಲನ್ನ ಮೂರು ಸಲ ಪೂರ್ತಿ ಮುಳುಗಿಸಿದ್ರಿ. ಹೋದ ಬೆಲೆ ಕಟ್ಟಿಕೊಡಿ ಮೊದಲು!"

ಕೇತಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಹುಚ್ಚು ಹೆಂಗಸೇ! ಗಳಿಗೆ ಬಟ್ಟಲು ಇರುವುದೇ ನೀರಿಗೆ ಬಿಡಲಿಕ್ಕೆ! ಇಲ್ಲದಿದ್ದರೆ ಅದನ್ನು ಮಡಗಿಕೊಂಡು ಏನು ಮಾಡಬೇಕು?"

ರಾಜ ಕೇತಯ್ಯನನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ತನ್ನ ಆನೆ ಇಲ್ಲದ ಲಾಯವನ್ನು ನೋಡಿದ. ಬುದ್ಧಿ ನಿಧಾನವಾಗಿ ಬಂತು, ಆದರೆ ಬಂತು.

"ಕೇತಯ್ಯಾ, ನನಗೆ ಕ್ರೂರ ಶಿಕ್ಷೆ ಇಷ್ಟವಿಲ್ಲ. ಒಂಟಿಕಾಲಲ್ಲಿ ಒಂದೇ ಒಂದು ಗಳಿಗೆ ನಿಲ್ಲು. ನೀನು ದೊಡ್ಡ ಮನುಷ್ಯ, ತಾಮ್ರದಲ್ಲಿ ಅಳೆಯುವುದು ನಿನಗೆ ಅವಮಾನ. ನಿನ್ನ ಚಿನ್ನದ ಬಟ್ಟಲಲ್ಲೇ ಅಳೆಯೋಣ" ಅಂದ.

ಚಿನ್ನದ ಬಟ್ಟಲನ್ನು ನೀರಿಗೆ ಬಿಟ್ಟರು. ತೂತಿಲ್ಲದ ಬಟ್ಟಲು, ಎಲ್ಲಿ ಮುಳುಗಬೇಕು? ಬಾತುಕೋಳಿಯ ಹಾಗೆ ತೇಲಿಕೊಂಡೇ ಇತ್ತು. ಕೇತಯ್ಯ ಮೊದಲು ಮೀಸೆ ತಿರುವಿಕೊಂಡು ನಿಂತ. ಆಮೇಲೆ ಬೆವರುತ್ತ ನಿಂತ. ಆಮೇಲೆ ನಡುಗುತ್ತ ನಿಂತ. ಜನ ಹುರಿಗಡಲೆ ತಿನ್ನುತ್ತ ಸುತ್ತ ಕೂತರು.

"ತೂತು ಹೊಡೀರಿ! ಅದಕ್ಕೊಂದು ತೂತು ಹೊಡೀರಿ!" ಅಂತ ಕೇತಯ್ಯ ಬೊಬ್ಬಿಟ್ಟ.

"ಬ್ಯಾಡ ಸ್ವಾಮಿ, ಬೆಲೆ ಬಿದ್ದುಹೋಗ್ತದೆ" ಅಂದಳು ಮಾಚವ್ವ.

"ಬೆಲೆಗೆ ಬೆಂಕಿ ಬೀಳಲಿ!"

"ಮುಂದೆ ಮೊಮ್ಮಗನ ಕಾಲಕ್ಕೆ ನೂರು ಆನೆ ಅಂದಿದ್ದೆಯಲ್ಲ?" ಅಂದ ರಾಜ.

"ಮುಂದಿನದು ಕಟ್ಟಿಕೊಂಡು ಏನು ಮಾಡಲಿ ಪ್ರಭೂ, ನನ್ನ ಕಾಲು ಈಗ ಹೋಗುತ್ತಿದೆ! ಆನೆ ತಗೊಳ್ಳಿ, ತೋಪು ತಗೊಳ್ಳಿ, ಕುದುರೆ ತಗೊಳ್ಳಿ, ಒಂದು ತೂತು ಕೊಡಿ!"

ಆನೆ ಲಾಯಕ್ಕೆ ಬಂತು, ತೋಪು ಮಂತ್ರಿಗೆ ಬಂತು, ರಾವುತರು ಕುದುರೆ ಹತ್ತಿದರು. ಆಮೇಲೆ ಅಕ್ಕಸಾಲಿಗ ಬಂದು ಸೂಜಿಮೊನೆಯಷ್ಟು ತೂತು ಕೊರೆದ. ಬಟ್ಟಲು ತುಂಬಿತು, ಮುಳುಗಿತು, ತಾತ ಬಾರಿಸಿದ. ಕೇತಯ್ಯ ಕುಂಟುತ್ತ ಊರು ಬಿಟ್ಟ. ಮೂರೂ ಚಿನ್ನದ ಬಟ್ಟಲುಗಳಿಗೆ ತೂತು ಕೊರೆಸಿ ಊರಿನ ಮೂರು ಬಾಗಿಲಲ್ಲಿ ಇಟ್ಟರು. ಚೆನ್ನಾಗಿಯೇ ಹೊತ್ತು ಹೇಳಿದವು, ಪಾಪ, ತಪ್ಪು ಅವುಗಳದ್ದಲ್ಲವಲ್ಲ.

ಕೇಳಿದಿರಲ್ಲ ಮಕ್ಕಳೇ, ನೀತಿ ಇಷ್ಟೇ. ಬಳಸುವುದಕ್ಕೆ ಇರುವ ವಸ್ತುವನ್ನು ಬಳಸಿಯೇ ಬೆಲೆ ತಿಳಿಯಬೇಕು. ನಾಳೆ ಯಾರೋ ಕೊಟ್ಟಾರು ಅಂತ ಇವತ್ತನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವನಿಗೆ ಇವತ್ತೂ ಇಲ್ಲ, ನಾಳೆಯೂ ಇಲ್ಲ. ಕಥೆ ನಿಮ್ಮದು, ತಪ್ಪಿದ್ದರೆ ನನ್ನದು. ಇನ್ನು ಎದ್ದು ಊಟಕ್ಕೆ ನಡೆಯಿರಿ.