ಗಾಜಿನೆಳೆ ಹೇಳಿದ ಚಾಡಿ

ಇಂಟರ್ನೆಟ್ ಪೆಟ್ಟಿಗೆಯೊಂದರೊಳಗೆ ನಡೆದದ್ದಿದು, ಹೇಳದಿದ್ದರೆ ನನಗೆ ಅನ್ನ ಇಳಿಯೋದಿಲ್ಲ. ಅಲ್ಲಿಗೆ ಸುದ್ದಿ ತರೋರು ಇಬ್ಬರು: ಒಬ್ಬಳು ಮುದಿ ತಾಮ್ರದ ತಂತಿ, ಇನ್ನೊಬ್ಬಳು ಹೊಸದಾಗಿ ಬಂದ ಗಾಜಿನೆಳೆ, ಅದೇ ಫೈಬರ್. ಯಾರಿಂದ ಯಾವಾಗ ತಗೋಬೇಕು ಅಂತ ತೀರ್ಮಾನಿಸೋನು ನಡುವೆ ಕೂತ ಪುಟ್ಟ ಚಿಪ್, ಚಿಪ್ಪಣ್ಣ. ಬೆಳಕಿನಲ್ಲಿ ಮಾತಾಡೋ ಗಾಜಿನೆಳೆ ಚುರುಕು ಅಂತ ಅವಳಿಗೇ ಕೆಲಸವೆಲ್ಲ ಕೊಟ್ಟಿದ್ದ. ಆದರೂ ಗಳಿಗೆಗೊಂದು ಸಲ ತಾಮ್ರದ ಕಡೆ ತಿರುಗಿ, "ಅಕ್ಕಾ, ಇದ್ದೀಯಾ?" ಅಂತ ಪಿಸುಗುಟ್ಟುತ್ತಿದ್ದ.

ಗಾಜಿನೆಳೆಗೆ ಅದು ಕೇಳಿಸಿಬಿಡಬೇಕೆ! ಪೆಟ್ಟಿಗೆ ರೂಪಿಸುತ್ತಿದ್ದ ಇಂದುಧರ ಮುಚ್ಚಳ ತೆಗೆದದ್ದೇ ತಡ, "ಸ್ವಾಮೀ, ನಿಮ್ಮ ಚಿಪ್ಪಣ್ಣನಿಗೂ ಆ ಮುದುಕಿಗೂ ಏನೋ ನಡೀತಿದೆ. ಅವಳನ್ನು ಮೊದಲು ಕಿತ್ತುಹಾಕಿ" ಅಂದಳು.

ಹೊಸಬಳಿರುವಾಗ ಹಳಬಳೇಕೆ ಅಂತ ಅವನಿಗೂ ಅನ್ನಿಸಿತು. ಕತ್ತರಿ ಹಿಡಿದ. ಕೈಗೆ ಅಡ್ಡ ಬಂದ ಗಾಜಿನೆಳೆಯನ್ನು ಹಗ್ಗದ ಹಾಗೆ ಮೊಳೆಯೊಂದಕ್ಕೆ ಬಿಗಿಯಾಗಿ ಸುತ್ತಿದ. ಗಾಜನ್ನು ಹಾಗೆ ಬಗ್ಗಿಸಿದರೆ ಉಳಿಯುತ್ತಾ? ಬೆಳಕೆಲ್ಲ ಪಕ್ಕಕ್ಕೆ ಚೆಲ್ಲಿ ಅವಳ ಬಾಯಿ ಕಟ್ಟಿಹೋಯಿತು. ಚಿಪ್ಪಣ್ಣ ಕಣ್ಣು ಮಿಟುಕಿಸೋದರಲ್ಲಿ ತಾಮ್ರದ ಕಡೆ ಹೊರಳಿದ. ಸುದ್ದಿ ನಿಲ್ಲಲಿಲ್ಲ.

ತಾಮ್ರದಿಂದಲೇ ಸುದ್ದಿ ಬರ್ತಿರೋದನ್ನು ಕಂಡ ಇಂದುಧರ ಕತ್ತರಿ ಕೆಳಗಿಟ್ಟು ಸುತ್ತು ಬಿಚ್ಚಿದ.

"ಅಕ್ಕಾ, ನನ್ನ ಬಾಯಿಗೆ ಬೆಂಕಿ ಹಾಕ! ನೀನಿಲ್ಲದಿದ್ದರೆ ಇವತ್ತು ನನ್ನ ಮಾನ ಹೋಗ್ತಿತ್ತು" ಅಂದಳು ಗಾಜಿನೆಳೆ.

"ನನಗೇನು ಕೈ ಮುಗೀತೀಯೇ? ಕೆಲಸವಿಲ್ಲದ ಮುದುಕಿಯನ್ನು ದಿನವೆಲ್ಲ ಕರೆದು ಎಚ್ಚರವಾಗಿಟ್ಟನಲ್ಲ, ಅವನಿಗೆ ಕೈ ಮುಗಿ. ನಾನೂ ಮುಗೀತೀನಿ."

ಗಾಜಿನೆಳೆ ಚಿಪ್ಪಣ್ಣನಿಗೆ ತಲೆ ಬಾಗಿಸಿದಳು, ಮೆಲ್ಲಗೆ, ಬೆಳಕು ಚೆಲ್ಲದಷ್ಟೇ.