ಸಬ್‌ಸ್ಟ್ರಕ್ಷನ್ ಮೇಲೆ ಕಟ್ಟಿದ ಬಾಣಂತಿ ಮನೆ

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ. ನಡುವೆ ಯಾರಾದ್ರೂ ಆಕಳಿಸಿದ್ರೋ, ಕತೆ ಅಲ್ಲಿಗೇ ನಿಲ್ಲುತ್ತೆ, ನೋಡಿ!

ಕಗ್ಗುಂಡಿ ಅನ್ನೋ ರಾಜ್ಯದಲ್ಲಿ ಒಬ್ಬ ರಾಜ ಇದ್ದ. ಅವನಿಗೆ ಒಬ್ಬಳೇ ಮಗಳು, ಮುದ್ದಮ್ಮಣ್ಣಿ. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರೋಳಿದ್ದಳು. ರಾಜನಿಗೆ ಹಿಗ್ಗೋ ಹಿಗ್ಗು. ಕಟ್ಟಡ ನೋಡಿಕೊಳ್ಳೋ ಪಾರುಪತ್ಯಗಾರ ಲೋಕಯ್ಯನನ್ನು ಕರೆದು, "ಮಳೆ ಹಿಡಿಯೋದ್ರೊಳಗೆ ಮಗಳಿಗೊಂದು ಬಾಣಂತಿ ಮನೆ ಕಟ್ಟಿಸು. ಪಾಯಕ್ಕೆ ಅರಮನೆಯ ಆನೆ ಗುರುತಿನ ಕಲ್ಲು ತಗೋ" ಅಂದ.

ಈ ಲೋಕಯ್ಯ ಇದ್ದನಲ್ಲ, ಭಾರಿ ಆಸಾಮಿ! ಸಮುದ್ರದಾಚೆಯಿಂದ ಬಂದ ದೊರೆಯೊಬ್ಬನ ಹತ್ತಿರ ಒಂದೇ ಒಂದು ಇಂಗ್ಲಿಷ್ ಪದ ಕಲಿತಿದ್ದ. ಕಲ್ಲನ್ನೆಲ್ಲ ಗಾಡಿಗೆ ಹೇರಿ ತನ್ನ ಹೊಸ ಮನೆಗೆ ಸಾಗಿಸಿದ. ಬಾಣಂತಿ ಮನೆಯ ಗೋಡೆಯನ್ನು ಬರೀ ನೆಲದ ಮೇಲೆ ಎಬ್ಬಿಸಿ ಸುಣ್ಣ ಬಳಿಸಿದ. ಕೆಳಗೇನಿದೆ ಅಂತ ಯಾರಿಗೆ ಕಾಣುತ್ತೆ?

ಸೂಲಗಿತ್ತಿ ಸಂಕವ್ವನಿಗೆ ಕಂಡಿತು. ಅವಳ ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಬಾಣಂತಿ, ಮಗು ಜೊತೆ ಆ ಸೂರಿನಡಿ ಮಲಗಬೇಕಾದವಳು ಅವಳೇ ತಾನೆ?

ಮೊದಲ ಸಲ ಹೋಗಿ ನೋಡ್ತಾಳೆ, ಗೋಡೆ ಬಿರುಕು ಬಿಟ್ಟಿದೆ. "ಲೋಕಯ್ಯನೋರೆ, ಪಾಯ ಹಾಕಿಲ್ವಾ?"

"ಪಾಯ ಅನ್ನೋದು ಹಳೇ ಕಾಲದ್ದು ಕಣಮ್ಮ. ಇದರ ಕೆಳಗಿರೋದು ಸಬ್‌ಸ್ಟ್ರಕ್ಷನ್!"

ಎರಡನೇ ಸಲ ಹೋದರೆ ಬಾಗಿಲು ಮುಚ್ಚೋಕೇ ಬರಲ್ಲ. "ಸಬ್‌ಸ್ಟ್ರಕ್ಷನ್ ಉಸಿರಾಡ್ತಿದೆ" ಅಂದ ಲೋಕಯ್ಯ.

ಮೂರನೇ ಸಲ ಗೋಡೆಯಡಿಯಿಂದ ಒಂದು ಹೆಗ್ಗಣ ಆರಾಮಾಗಿ ಒಳಗೆ ಬಂದು ಸಂಕವ್ವನನ್ನೇ ದಿಟ್ಟಿಸಿ ನೋಡಿತು. "ಇದೇನ್ರೀ ಇದು?"

"ಸಬ್‌ಸ್ಟ್ರಕ್ಷನ್ ಕಾಯೋಕೆ ಇಟ್ಟಿದ್ದೀನಿ."

ಸಂಕವ್ವ ನೇರ ರಾಜನ ಹತ್ತಿರ ಹೋಗಿ ಎಲ್ಲ ಹೇಳಿದಳು. ರಾಜ ಲೋಕಯ್ಯನನ್ನು ಕರೆಸಿ, "ಏನಯ್ಯಾ ಆ ಪದದ ಅರ್ಥ?" ಅಂದ.

"ಕಟ್ಟಡದ ಕೆಳಗೆ ಕಟ್ಟೋದು ಅಂತ ಬುದ್ಧೀ. ಕೋಟೆ, ಸೇತುವೆ, ಅಂಥಾ ದೊಡ್ಡದಕ್ಕೆ ಬಳಸ್ತಾರೆ."

"ಹಂಗಂದ್ರೆ ಪಾಯಾನೇ ಅಲ್ವೇನ್ರೀ!" ಅಂದಳು ಸಂಕವ್ವ.

"ಪಾಯಕ್ಕಿಂತ ಗಟ್ಟಿ ಬುದ್ಧೀ. ಇದಕ್ಕೆ ಕಲ್ಲೇ ಬೇಡ."

ಇಂಗ್ಲಿಷ್ ಬರಲ್ಲ ಅಂತ ಒಪ್ಪಿಕೊಳ್ಳೋಕೆ ರಾಜನಿಗೆ ನಾಚಿಕೆ. "ಹೂಂ, ಹೂಂ, ಕೇಳಿದ್ದೀನಿ" ಅಂದುಬಿಟ್ಟ. ಸಂಕವ್ವನಿಗೆ ಸಿಟ್ಟು ಬಂತು. ನಾಳೆ ಹುಟ್ಟೋ ಹಸುಗೂಸಿನ ಮೇಲೆ ಗೋಡೆ ಬಿದ್ರೆ ಏನು ಗತಿ? ಮೋಡ ಬೇರೆ ಕವಿದಿದೆ. ಆದರೂ ಸಿಟ್ಟು ನುಂಗಿ, ಹಲ್ಲು ಕಿರಿದು ಕೈಮುಗಿದಳು.

"ತಪ್ಪಾಯ್ತು ಬುದ್ಧೀ. ಇಷ್ಟು ಒಳ್ಳೇದು ಅಂತ ಗೊತ್ತಿರಲಿಲ್ಲ. ಪಾಪ, ಲೋಕಯ್ಯನೋರ ಸ್ವಂತ ಮನೆ ಇನ್ನೂ ಹಳೇ ಕಾಲದ ಕಲ್ಲಿನ ಪಾಯದ ಮೇಲೇ ನಿಂತದೆ. ಆ ಕಲ್ಲು ಕಿತ್ತು ಅವರಿಗೂ ಸಬ್‌ಸ್ಟ್ರಕ್ಷನ್ ಹಾಕಿಸಿಕೊಡಿ!"

"ಭೇಷ್! ಈಗಲೇ ಆಗಲಿ" ಅಂದ ರಾಜ.

ಲೋಕಯ್ಯನ ಮುಖ ಇಂಗು ತಿಂದ ಮಂಗನಂಗಾಯ್ತು. "ಬ್ಯಾಡಿ ಬುದ್ಧೀ, ನನ್ನಂಥ ಬಡವನಿಗ್ಯಾಕೆ?" ಅಂತ ಗೋಗರೆದ. ರಾಜ ಕೇಳಲಿಲ್ಲ. ತಾನೂ ನೋಡೋಕೆ ಬಂದ; ಆಳುಗಳು ಗುದ್ದಲಿ ಹಿಡಿದು ಅವನ ಮನೆ ಗೋಡೆಯಡಿ ಮಣ್ಣು ಅಗೆದರು. ಕಲ್ಲಿಗೆ ಮೊದಲ ಏಟು ಬಿದ್ದಿತೋ ಇಲ್ಲವೋ, ಲೋಕಯ್ಯ ಬಾಗಿಲಿಗೆ ಅಡ್ಡ ಬಿದ್ದು ಅರಚಿದ: "ಅಯ್ಯಯ್ಯೋ, ಕಲ್ಲು ಕೀಳಬೇಡ್ರೋ! ಮನೆ ಬಿದ್ದೋಗುತ್ತೆ!"

ರಾಜ ಬಗ್ಗಿ ಗುಂಡಿಯೊಳಗೆ ನೋಡಿದ. ಪ್ರತಿ ಕಲ್ಲಿನ ಮೇಲೂ ಆನೆ ಸೊಂಡಿಲೆತ್ತಿ ನಿಂತಿತ್ತು.

"ನಿನ್ನ ಮನೆ ಬೀಳುತ್ತೆ, ನನ್ನ ಮಗಳ ಮನೆ ಬೀಳಲ್ವೇನೋ, ಕಳ್ಳ?" ರಾಜ ಗುಡುಗಿದ. ಅಷ್ಟು ಕಲ್ಲನ್ನೂ ಕೀಳಿಸಿ ಬಾಣಂತಿ ಮನೆಗೆ ಪಾಯ ಹಾಕಿಸಿ, ಗೋಡೆ ಹೊಸದಾಗಿ ಎಬ್ಬಿಸಿದ.

ಮುದ್ದಮ್ಮಣ್ಣಿ ಹೆತ್ತ ದಿನವೇ ಮಳೆ ಸುರೀತು. ಆ ಮನೇಲಿ ಒಂದು ಹನಿ ಸೋರಲಿಲ್ಲ. ಲೋಕಯ್ಯನ ಮನೆ ಮಾತ್ರ ಧೊಪ್ ಅಂತ ಕೂತಿತು. ಬೆಳಗ್ಗೆ ಅವನು ಗೋಣಿ ಹೊದ್ದು ಹುಣಸೆಮರದಡಿ ನಡುಗ್ತಾ ಕೂತಿದ್ದ. ದಾರೀಲಿ ಹೋಗ್ತಿದ್ದ ಸಂಕವ್ವ ನಿಂತು ಕೇಳಿದಳು: "ಏನ್ ಲೋಕಯ್ಯನೋರೆ, ಸಬ್‌ಸ್ಟ್ರಕ್ಷನ್ ಉಸಿರಾಡೋದು ನಿಲ್ಲಿಸ್ತಾ?"

ತಿಳೀತೇನ್ರೋ ಮಕ್ಕಳೇ? ಯಾವ ಭಾಷೆಯ ಪದಾನಾದ್ರೂ ಕಲೀರಿ, ಬೇಡ ಅನ್ನಲ್ಲ. ಆದರೆ ದೊಡ್ಡ ಪದ ಹೇಳಿ ಕಳ್ಳತನ ಮುಚ್ಚಬೇಡಿ. ಯಾರಾದ್ರೂ ನಿಮ್ಮ ಮುಂದೆ ಹಂಗೆ ಹೇಳಿದ್ರೆ ಸಂಕವ್ವನ ಹಂಗೆ ಕೆಳಗೇನಿದೆ ಅಂತ ಅಗೆದು ನೋಡಿ. ಏಳಿ ಇನ್ನು, ಮುದ್ದೆ ಆರಿಹೋಗುತ್ತೆ.